ಎಣ್ಣೆ ತೀರುವುದಕ್ಕೆ ಮೊದಲು

ಹತ್ತು ಮಂದಿ ಕನ್ಯೆಯರ ಸಾಮ್ಯವನ್ನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಐವರು ದೀಪಗಳೊಡನೆ ಎಣ್ಣೆಯನ್ನೂ ತೆಗೆದುಕೊಂಡು ಹೋದರು. ಉಳಿದ ಐವರು ಬರಿಯ ದೀಪಗಳನ್ನು ಹಿಡಿದು ಹೊರಟರು. ನಡುರಾತ್ರಿಯಲ್ಲಿ ಬೇಡಿದರೆ ಎಣ್ಣೆ ಸಿಕ್ಕಲಿಲ್ಲ. ಕೊಂಡು ತರುವುದರೊಳಗಾಗಿ ಬಾಗಿಲು ಮುಚ್ಚಿತ್ತು. ಈ ಸಾಮ್ಯವು ಆತ್ಮದ ಸಿದ್ಧತೆಯನ್ನು ಕುರಿತದ್ದೆಂಬುದು ನಿಜ. ಆದರೂ ನೆಲದೊಳಗಿನ ಎಣ್ಣೆಯ ವಿಷಯದಲ್ಲಿ ನಮ್ಮ ದೇಶದ ಇಂದಿನ ಸ್ಥಿತಿಯನ್ನು ನೋಡುವವರಿಗೆ ಇದು ನೆನಪಿಗೆ ಬಾರದಿರದು.

ಲೋಕದ ಎಣ್ಣೆಯೆಲ್ಲ ನಾಳೆಯೇ ಬತ್ತಿಹೋಗುವುದೆಂದು ಹೆದರಿಸುವುದು ನನ್ನ ಉದ್ದೇಶವಲ್ಲ. ಅಮೆರಿಕ ದೇಶದ ಉತ್ಪತ್ತಿಯು ೧೯೭೦ರಲ್ಲಿ ಮೇಲಿನ ಮಟ್ಟವನ್ನು ಮುಟ್ಟಿ ಇಳಿಯಿತಾದರೂ, ಆಳದ ಬಂಡೆಯ ಪದರಗಳನ್ನು ನೀರಿನ ಒತ್ತಡದಿಂದ ಒಡೆದು ಎಣ್ಣೆ ತೆಗೆಯುವ ವಿಧಾನದಿಂದ ಮರಳಿ ಏರಿತು. ಆದರೆ ಸುಲಭವಾಗಿ ದೊರೆಯುವುದನ್ನು ಮೊದಲು ತೆಗೆದು, ಬಳಿಕ ಹೆಚ್ಚು ಶ್ರಮಕ್ಕೂ ಹೆಚ್ಚು ವೆಚ್ಚಕ್ಕೂ ಇಳಿಯಬೇಕಾಗುವುದು ಇಂಥ ಎಲ್ಲ ಸಂಪತ್ತಿನ ಸ್ವಭಾವ. ನಮ್ಮ ದೇಶದ ಸಂಗತಿಯಂತೂ ಇನ್ನೂ ಸ್ಪಷ್ಟವಾಗಿದೆ. ೧೯೭೪ರಲ್ಲಿ ಕಂಡುಹಿಡಿದ ಬಾಂಬೆ ಹೈ ನಮಗೆ ದೊಡ್ಡ ಆಸರೆಯಾಯಿತು. ಆ ಬಾವಿಗಳಿಗೆ ಈಗ ಮುಪ್ಪು ಬಂದಿದೆ. ೨೦೧೧-೧೨ರಲ್ಲಿ ಸುಮಾರು ೩೮೦ ಲಕ್ಷ ಟನ್ ಇದ್ದ ದೇಶದ ಕಚ್ಚಾ ಎಣ್ಣೆಯ ಉತ್ಪತ್ತಿಯು ೨೦೨೩-೨೪ರಲ್ಲಿ ೩೦೦ ಲಕ್ಷ ಟನ್ನಿಗಿಂತ ಕೆಳಗಿಳಿಯಿತು. ನಮಗೆ ಬೇಕಾದುದರಲ್ಲಿ ನೂರಕ್ಕೆ ೮೫ಕ್ಕಿಂತ ಹೆಚ್ಚು ಪಾಲು ಹೊರದೇಶಗಳಿಂದ ಬರತಕ್ಕದ್ದು. ಅಡಿಗೆಯ ಅನಿಲದಲ್ಲಿಯೂ ಅರ್ಧಕ್ಕಿಂತ ಹೆಚ್ಚು ಹೊರಗಿನದೇ. ಎಲ್ಲಿಯೋ ದೂರದಲ್ಲಿ ಯುದ್ಧವಾದರೆ ನಮ್ಮ ಮನೆಯ ಖರ್ಚಿನ ಲೆಕ್ಕ ಏರುಪೇರಾಗುವುದು ಈ ಕಾರಣದಿಂದಲೇ.

ಬೇರೆ ದಾರಿಯು ನಮ್ಮ ನಾಡಿಗೆ ಅಪರಿಚಿತವಲ್ಲ. ೧೯೦೨ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುಚ್ಛಕ್ತಿಯನ್ನು ಹುಟ್ಟಿಸಿ, ೯೦ ಮೈಲಿಗಿಂತಲೂ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಒಯ್ದರು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಆ ಬೆಳಕು ಹೊತ್ತಿತು. ೨೦೦೧ರಲ್ಲಿ ಗಣಿಗಳು ಮುಚ್ಚಿದವು. ಅಗೆದು ತೆಗೆದ ಚಿನ್ನ ಮತ್ತೆ ಹುಟ್ಟಲಿಲ್ಲ. ಕಾವೇರಿಯಾದರೋ ಮಳೆ ಬಂದಂತೆಲ್ಲ ಮತ್ತೆ ತುಂಬುತ್ತಾಳೆ. ಕೂಡಿಟ್ಟ ಗಂಟಿಗೂ ವರ್ಷವರ್ಷದ ವರಮಾನಕ್ಕೂ ಇರುವ ಭೇದ ಇದೇ. ಗಂಟನ್ನು ಕರಗಿಸಿ ಬಾಳುವ ಸಂಸಾರವನ್ನು ಯಾವ ಜಾಣ ಗೃಹಿಣಿಯೂ ಮೆಚ್ಚಲಾರಳು.

ಮಳೆ ತಪ್ಪಿದ ವರ್ಷ ನದಿಯೂ ಸೊರಗುವುದುಂಟು. ಆದುದರಿಂದ ಈಗ ಬಿಸಿಲನ್ನೂ ಗಾಳಿಯನ್ನೂ ದುಡಿಸಿಕೊಳ್ಳುತ್ತಿದ್ದೇವೆ. ತುಮಕೂರು ಜಿಲ್ಲೆಯ ಪಾವಗಡವು ಬರಗಾಲಕ್ಕೆ ಹೆಸರಾದ ಸೀಮೆ. ಅಲ್ಲಿಯ ಸುಮಾರು ೧೩,೦೦೦ ಎಕರೆಯಲ್ಲಿ ೨,೦೫೦ ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಕ್ಷೇತ್ರವು ೨೦೧೯ರಲ್ಲಿ ಪೂರ್ಣವಾಯಿತು. ರೈತರ ಜಮೀನನ್ನು ಬಿಡಿಸಿಕೊಳ್ಳದೆ, ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಿಂದ ಮೊದಲುಮಾಡಿ ಗುತ್ತಿಗೆಯ ಹಣ ಗೊತ್ತುಮಾಡಿದ್ದು ಶ್ಲಾಘ್ಯವಾದುದು. ಆದರೆ ಆ ಹಣ ಸಲ್ಲುವುದು ಪಹಣಿಯಲ್ಲಿ ಹೆಸರುಳ್ಳವರಿಗೆ. ಅದೇ ಹೊಲಗಳಲ್ಲಿ ಕಳೆ ಕಿತ್ತು ಜೀವಿಸುತ್ತಿದ್ದ, ಭೂಮಿಯಿಲ್ಲದ ಹೆಂಗಸಿಗೆ ಗುತ್ತಿಗೆಯ ಹಣವೂ ಇಲ್ಲ, ಹೊಲದ ಕೂಲಿಯೂ ತಪ್ಪಿತು. ಮೇಲಾಗಿ ಸೂರ್ಯನು ಮುಳುಗಿದ ಬಳಿಕ ಬೇಕಾಗುವ ಶಕ್ತಿಯನ್ನು ಕೂಡಿಡುವ ಕೆಲಸ ಇನ್ನೂ ಬಹಳ ಉಳಿದಿದೆ. ದೇಶದ ವಿದ್ಯುತ್ತಿನಲ್ಲಿ ಹೆಚ್ಚಿನ ಪಾಲು ಈಗಲೂ ಕಲ್ಲಿದ್ದಲಿನಿಂದಲೇ ಬರುತ್ತಿದೆ. ಪೆಟ್ರೋಲ್ ಬಂಡಿಯನ್ನು ಬಿಟ್ಟು ವಿದ್ಯುತ್ ಬಂಡಿಯನ್ನು ಕೊಂಡ ಮಾತ್ರಕ್ಕೆ ನಮ್ಮ ಕರ್ತವ್ಯ ತೀರಿತೆಂದು ತಿಳಿಯಬಾರದು.

ಹೀಗೆ ಈ ಬದಲಾವಣೆಗೆ ವಿದ್ಯೆಯೂ ಬೇಕು, ನ್ಯಾಯಬುದ್ಧಿಯೂ ಬೇಕು. ಇವೆರಡನ್ನೂ ನಮ್ಮ ಹೆಣ್ಣುಮಕ್ಕಳಲ್ಲಿ ಬೆಳೆಸದೆ ಇದು ನೆರವೇರದೆಂಬುದು ನನ್ನ ದೃಢವಾದ ಅಭಿಪ್ರಾಯ. ಸೌದೆ ಹೊತ್ತವಳು ಹೆಣ್ಣು. ಹೊಗೆ ಕುಡಿದವಳು ಹೆಣ್ಣು. ಸೀಮೆಎಣ್ಣೆಗಾಗಿ ಸಾಲಿನಲ್ಲಿ ನಿಂತವಳೂ ಆಕೆಯೇ. ಒಲೆ ಹೊತ್ತಿಸುವುದು ಹೆಣ್ಣಿನ ಕೆಲಸವೆನ್ನುವ ನಾವೇ, ಆ ಒಲೆಗೆ ಯಾವ ಉರುವಲು ತಕ್ಕದ್ದೆಂದು ನಿರ್ಣಯಿಸುವ ವಿದ್ಯೆ ಆಕೆಗೆ ಬೇಡವೆನ್ನುವುದು ಯಾವ ನ್ಯಾಯ? ಲೆಕ್ಕದಲ್ಲಿಯೂ ಭೌತಶಾಸ್ತ್ರದಲ್ಲಿಯೂ ಚುರುಕಾದ ಹುಡುಗಿಯರನ್ನು, ವಿಜ್ಞಾನದ ಓದು ದೀರ್ಘವಾದುದು, ವೆಚ್ಚದ್ದು, ಹೆಣ್ಣಿಗೇಕೆ ಎಂಬ ಮಾತಿನಿಂದ ಹಿಂದಕ್ಕೆ ಎಳೆಯುವ ಮನೆಗಳು ಇಂದಿಗೂ ಇವೆ.

ಪೋಷಕರಲ್ಲಿ ನನ್ನ ವಿನಂತಿ ಇಷ್ಟೆ. ಹತ್ತನೆಯ ತರಗತಿ ಮುಗಿಸಿದ ಮಗಳ ಮುಂದಿನ ಓದನ್ನು ನಿಶ್ಚಯಿಸುವಾಗ ಆಕೆಯ ಬುದ್ಧಿಯನ್ನು ನೋಡಿರಿ, ನೆಂಟರ ಮಾತನ್ನಲ್ಲ. ಜಮೀನಿರುವವರು ಪಹಣಿಯಲ್ಲಿ ಮಗನ ಹೆಸರಿನೊಡನೆ ಮಗಳ ಹೆಸರನ್ನೂ ಬರೆಯಿಸಿರಿ. ಹಳೆಯ ವಿದ್ಯಾರ್ಥಿನಿಯರಾದ ನೀವು, ಅನುಕೂಲವಿದ್ದಲ್ಲಿ, ಒಬ್ಬ ಬಡ ಹುಡುಗಿಯ ವಿಜ್ಞಾನದ ಓದಿಗೆ ನೆರವಾಗಿರಿ. ಎಣ್ಣೆಯನ್ನು ಹೊರಗಿನಿಂದ ಕೊಳ್ಳುವಷ್ಟು ಹಣ ಇಂದು ದೇಶದಲ್ಲಿದೆ. ಆ ಹಣವೂ ಹಗಲೂ ಇರುವಾಗಲೇ ನಮ್ಮ ಮಕ್ಕಳು ಸಿದ್ಧರಾಗುವಂತೆ ದೇವರು ನಮಗೆ ವಿವೇಕವನ್ನು ಅನುಗ್ರಹಿಸಲಿ.