ದೀಪದ ಬೆಳಕಿಗೆ ವ್ಯಾಟ್ ಅಳತೆಗೋಲಲ್ಲ

ಅಂಗಡಿಗೆ ಹೋಗಿ "ಒಂಬತ್ತು ವ್ಯಾಟಿನ ಬಲ್ಬು ಕೊಡಿ" ಎಂದು ಕೇಳುವುದು ನಮ್ಮೆಲ್ಲರ ರೂಢಿ. ವಿಜ್ಞಾನ ಓದಿದವರೂ ಹೀಗೆಯೇ ಕೇಳುತ್ತಾರೆ. ಆದರೆ ವ್ಯಾಟ್ ಎಂಬುದು ದೀಪವು ವಿದ್ಯುತ್ತನ್ನು ಬಳಸುವ ದರವೇ ಹೊರತು ಅದು ಕೊಡುವ ಬೆಳಕಿನ ಅಳತೆಯಲ್ಲ. ಎತ್ತು ತಿಂದ ಹುಲ್ಲನ್ನು ತೂಗಿ, ಅದು ಉತ್ತ ಹೊಲದ ವಿಸ್ತೀರ್ಣವನ್ನು ಹೇಳಹೊರಟಂತಾಯಿತು!

ಬೆಳಕಿನ ಮೊತ್ತಕ್ಕೆ ಲ್ಯೂಮೆನ್ ಎಂಬ ಪ್ರತ್ಯೇಕ ಮಾನವಿದೆ. 60 ವ್ಯಾಟಿನ ಹಳೆಯ ತಂತಿಬಲ್ಬು ಸುಮಾರು 700 ಲ್ಯೂಮೆನ್ ಕೊಡುತ್ತಿತ್ತು. ಇಂದಿನ 9 ವ್ಯಾಟಿನ ಎಲ್‌ಇಡಿ ಬಲ್ಬು ಸುಮಾರು 800 ಕೊಡುತ್ತದೆ. 2015ರಲ್ಲಿ ಕೇಂದ್ರದ ಉಜಾಲಾ ಯೋಜನೆ ಬಂತು. ನಮ್ಮ ರಾಜ್ಯದಲ್ಲಿ ಅದಕ್ಕೆ 'ಹೊಸ ಬೆಳಕು' ಎಂಬ ಹೆಸರಿತ್ತು. ದೀಪಗಳು ಬದಲಾದವು, ನಾವು ಕೇಳುವ ಪ್ರಶ್ನೆ ಮಾತ್ರ ಬದಲಾಗಲಿಲ್ಲ.

ಲ್ಯೂಮೆನ್ ಗೊತ್ತಿದ್ದರೆ ಪುಸ್ತಕದ ಮೇಲೆ ಬೀಳುವ ಬೆಳಕನ್ನು ಅಂದಾಜು ಮಾಡಬಹುದು. ದೀಪವು ಎಲ್ಲ ದಿಕ್ಕಿಗೂ ಸಮನಾಗಿ ಬೆಳಗುತ್ತದೆ ಎಂದುಕೊಂಡರೆ, 800ನ್ನು 4π ಅಂದರೆ 12.57ರಿಂದ ಭಾಗಿಸಿ, ಸುಮಾರು 64 ಕ್ಯಾಂಡೆಲಾ ತೀವ್ರತೆ ಸಿಗುತ್ತದೆ. ಅದನ್ನು ದೂರದ ವರ್ಗದಿಂದ ಭಾಗಿಸಿದರೆ ಲಕ್ಸ್. ಎರಡು ಮೀಟರ್ ದೂರದಲ್ಲಿ ನೇರವಾಗಿ ಬೀಳುವುದು ಕೇವಲ 16 ಲಕ್ಸ್. ಅರ್ಧ ಮೀಟರಿನಲ್ಲಿ 256 ಲಕ್ಸ್! ಓದುವುದಕ್ಕೆ ಸುಮಾರು 300 ಲಕ್ಸ್ ಇರಬೇಕೆಂಬುದು ಸಾಮಾನ್ಯ ಸಲಹೆ. ಸುಣ್ಣ ಬಳಿದ ಗೋಡೆಗಳು ಒಂದಿಷ್ಟು ಬೆಳಕನ್ನು ಹಿಂದಿರುಗಿಸುತ್ತವೆ, ನಿಜ. ಆದರೂ ದೊಡ್ಡ ಬಲ್ಬು ತರುವುದಕ್ಕಿಂತ ದೀಪವನ್ನು ಹತ್ತಿರ ತರುವುದು ಎಷ್ಟು ಲಾಭದಾಯಕ ಎಂಬುದನ್ನು ವಿಲೋಮ ವರ್ಗ ನಿಯಮ ಇಷ್ಟು ಸರಳವಾಗಿ ತಿಳಿಸುತ್ತದೆ.

ಇಲ್ಲೊಂದು ಎಚ್ಚರಿಕೆ ಬೇಕು. ಎಲ್‌ಇಡಿ ಬಲ್ಬಿನ ಬುಡದತ್ತ ಬೆಳಕು ಕಡಿಮೆ, ಎದುರಿಗೆ ಹೆಚ್ಚು. ಆದ್ದರಿಂದ ಒಂದೇ ದಿಕ್ಕಿನಲ್ಲಿ ಅಳೆದು 4πಯಿಂದ ಗುಣಿಸಿದರೆ ಒಟ್ಟು ಲ್ಯೂಮೆನ್ ಸರಿಯಾಗಿ ಸಿಗದು. ಪ್ರಯೋಗಾಲಯಗಳಲ್ಲಿ ಒಳಗೆಲ್ಲ ಬಿಳಿ ಬಳಿದ ಟೊಳ್ಳು ಗೋಳದೊಳಗೆ ದೀಪವನ್ನಿಟ್ಟು ಅಳೆಯುವುದು ಇದೇ ಕಾರಣಕ್ಕೆ.

ಆದರೆ ಎರಡು ದೀಪಗಳ ತೀವ್ರತೆಯನ್ನು ಹೋಲಿಸಲು ಶಾಲೆಗೆ ಅಂಥ ಗೋಳ ಬೇಕಿಲ್ಲ. ಬಿಳಿ ಕಾಗದದ ನಡುವೆ ಒಂದು ಹನಿ ಎಣ್ಣೆ ಸಾಕು. ಇದು ಬುನ್ಸೆನ್ ಹೆಸರಿನ ದ್ಯುತಿಮಾಪಕ. ಕಾಗದದ ಎರಡೂ ಬದಿಗೆ ದೀಪಗಳನ್ನಿಟ್ಟು, ಎಣ್ಣೆಯ ಚುಕ್ಕೆ ಬಹುಮಟ್ಟಿಗೆ ಮರೆಯಾಗುವವರೆಗೆ ಕಾಗದವನ್ನು ಸರಿಸಬೇಕು. ಆಗ ಒಂದು ದೀಪ 30 ಸೆಂಟಿಮೀಟರ್, ಇನ್ನೊಂದು 60 ಸೆಂಟಿಮೀಟರ್ ದೂರದಲ್ಲಿದ್ದರೆ, ಎರಡನೆಯದರ ತೀವ್ರತೆ ನಾಲ್ಕು ಪಟ್ಟು. ಎರಡೂ ದೀಪಗಳ ಬಣ್ಣ ಒಂದೇ ಆಗಿರಬೇಕು. ಹಳದಿಯನ್ನೂ ಬಿಳಿಯನ್ನೂ ಕಣ್ಣು ಸುಲಭವಾಗಿ ತೂಗಲಾರದು.

ಹೆಚ್ಚು ಖರ್ಚಿಲ್ಲದ ಈ ಪ್ರಯೋಗವನ್ನು ಪ್ರತಿಯೊಂದು ಪ್ರೌಢಶಾಲೆಯಲ್ಲಿಯೂ ಮಕ್ಕಳ ಕೈಯಿಂದಲೇ ಮಾಡಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಸೂತ್ರವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿ ಅಂಕ ಗಳಿಸುತ್ತಾನೆ. ಅಳೆದು ನೋಡಿದವನು ಮುಂದೆ ಅಂಗಡಿಯಲ್ಲಿ ಡಬ್ಬಿಯನ್ನು ತಿರುಗಿಸಿ ಲ್ಯೂಮೆನ್ ಎಷ್ಟೆಂದು ಓದುತ್ತಾನೆ. ವಿಜ್ಞಾನ ಶಿಕ್ಷಣದಿಂದ ನಾವು ಬಯಸಬೇಕಾದುದು ಎರಡನೆಯದನ್ನೇ ಅಲ್ಲವೇ?

ನಿಮ್ಮ ಮನೆಯಲ್ಲಿ ಓದುವ ಮಕ್ಕಳಿದ್ದರೆ, ದೀಪದಿಂದ ಪುಸ್ತಕಕ್ಕಿರುವ ದೂರವನ್ನು ಇಂದೇ ಅಳೆದು ನೋಡಿ. ಬದಲಾಗಬೇಕಾದುದು ಬಲ್ಬೋ, ಮಗು ಕುಳಿತ ಜಾಗವೋ ಎಂಬುದನ್ನು ಲೆಕ್ಕವೇ ಹೇಳುತ್ತದೆ.