ಫ್ಯಾಂಟಮ್ ಕಥೆಗಳಲ್ಲಿ ಓದಬೇಕಾದವು ಯಾವುವು?

ಕಾಮಿಕ್ಸ್ ಓದಿದರೆ ಮಕ್ಕಳು ಕೆಡುತ್ತಾರೆ ಎಂಬ ಮಾತನ್ನು ಪೋಷಕರಿಂದ ನಾವು ಆಗಾಗ ಕೇಳುತ್ತೇವೆ. ಹೀಗೆ ಹೇಳುವವರಲ್ಲಿ ಕೆಲವರಾದರೂ ತಮ್ಮ ಬಾಲ್ಯದಲ್ಲಿ ಪಠ್ಯಪುಸ್ತಕದೊಳಗೆ ಫ್ಯಾಂಟಮ್‌ನನ್ನು ಅಡಗಿಸಿಟ್ಟು ಓದಿದವರೇ ಎಂಬುದು ಬೇರೆ ಮಾತು! ಕಾಮಿಕ್ಸ್ ಬೇಡವೆನ್ನುವ ಬದಲು, ಯಾವ ಕಥೆ ಓದಬೇಕು ಎಂದು ನಾವೇ ಆರಿಸಿಕೊಡಬಾರದೇಕೆ?

ಅಮೆರಿಕದ ಲೀ ಫಾಕ್ 1936ರ ಫೆಬ್ರವರಿ 17ರಂದು ದಿನಪತ್ರಿಕೆಗಾಗಿ ಆರಂಭಿಸಿದ ಈ ಕಥೆಗಳನ್ನು ಭಾರತದಲ್ಲಿ 1964ರಿಂದ 1990ರವರೆಗೆ ಇಂದ್ರಜಾಲ್ ಕಾಮಿಕ್ಸ್ ಪ್ರಕಟಿಸಿತು. ಅದರ ಕನ್ನಡ ಆವೃತ್ತಿಯೂ ಇತ್ತು. ಫ್ಯಾಂಟಮ್‌ಗೆ ಹಾರಲು ಬಾರದು. ಗುಂಡು ತಗುಲಿದರೆ ರಕ್ತ ಬರುತ್ತದೆ. ತಂದೆಯ ನಂತರ ಮಗ ಅದೇ ಮುಖವಾಡ ಧರಿಸುವುದರಿಂದ ಅವನಿಗೆ ಸಾವೇ ಇಲ್ಲವೆಂದು ಜನ ನಂಬಿದ್ದಾರೆ. ಕಥಾನಾಯಕ ಆ ಸಾಲಿನಲ್ಲಿ 21ನೆಯವನು.

ಮೊದಲು ಓದಬೇಕಾದ್ದು ಅವನ ಬಾಲ್ಯದ ಕಥೆ. ಕಾಡಿನಲ್ಲಿ ಬೆಳೆದ ಕಿಟ್ ಎಂಬ ಹುಡುಗನನ್ನು ಓದಿಗಾಗಿ ಅಮೆರಿಕದ ಬಂಧುಗಳ ಮನೆಗೆ ಕಳುಹಿಸುತ್ತಾರೆ. ಗೆಳೆಯ ಗುರಾನ್ ಜೊತೆಗಿರುತ್ತಾನೆ. ಅಲ್ಲಿ ಆಟದಲ್ಲಿ ಹೆಸರು ಮಾಡುತ್ತಾನೆ, ಡಯಾನಾಳ ಪರಿಚಯವಾಗುತ್ತದೆ. ಅಷ್ಟರಲ್ಲಿ ತಂದೆ ಸಾಯುವ ಸ್ಥಿತಿಯಲ್ಲಿದ್ದಾರೆಂಬ ಸುದ್ದಿ ಬರುತ್ತದೆ. ಎಲ್ಲವನ್ನೂ ಬಿಟ್ಟು ಹಿಂದಿರುಗುತ್ತಾನೆ. ಒಂದು ಕಾಲು ಊರಿನಲ್ಲಿ, ಒಂದು ಕಾಲು ಇಲ್ಲಿ ಎಂಬಂತೆ ಬೆಳೆಯುತ್ತಿರುವ ನಮ್ಮ ಡಿಐಪಿಯ ಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅವನಿಗೆ ಹಿಂದಿರುಗಲು ಮನಸ್ಸಿತ್ತೇ, ಇಲ್ಲ ಕರ್ತವ್ಯವೆಂದು ಹೋದನೇ? ಮಕ್ಕಳೇ, ಓದಿ ನೀವೇ ನಿರ್ಧರಿಸಿ.

ಇಂದ್ರಜಾಲ್‌ನ ಮೊದಲ ಸಂಚಿಕೆಯಾದ ಫ್ಯಾಂಟಮ್‌ನ ಬೆಲ್ಟ್ ಕಥೆಯೂ ಒಳ್ಳೆಯದೇ. ತಂದೆಯನ್ನು ಕೊಂದವನನ್ನು ಮಗ ಹುಡುಕಿ ಹೊರಡುವ ಕಥೆ ಅದು. ದೊಡ್ಡ ತರಗತಿಯವರು ಡಾಕ್ಟರ್ ಲಮಾಂಡಾ ಲುವಾಗಾ ಬರುವ ಕಥೆಗಳನ್ನು ಬಿಡಬಾರದು. ವೈದ್ಯನೊಬ್ಬ ಚುನಾವಣೆಯಲ್ಲಿ ಗೆದ್ದು ದೇಶದ ಅಧ್ಯಕ್ಷನಾಗುತ್ತಾನೆ, ಜನರಲ್ ಬಬಾಬು ಸೈನ್ಯದ ಬಲದಿಂದ ಅಧಿಕಾರ ಕಸಿಯಲು ನೋಡುತ್ತಾನೆ. ಸಮಾಜ ಪಾಠದ ಪ್ರಜಾಪ್ರಭುತ್ವ ಇಲ್ಲಿ ಕಥೆಯಾಗಿ ಸಿಗುತ್ತದೆ. 1977ರ ಮದುವೆಯ ಕಥೆ ಅಭಿಮಾನಿಗಳಿಗೆ ಸಾಕು.

1930ರ ದಶಕದ ಕಥೆಗಳನ್ನು ಮಾತ್ರ ಚಿಕ್ಕವರ ಕೈಗೆ ಸುಮ್ಮನೆ ಕೊಡಬಾರದೆಂಬುದು ನಮ್ಮ ಖಚಿತ ಅಭಿಪ್ರಾಯ. ಕಾಡಿನ ಜನ ಏನೂ ಅರಿಯದವರು, ಬಿಳಿಯನೊಬ್ಬ ಬಂದು ಅವರನ್ನು ಕಾಯಬೇಕು ಎಂಬ ಭಾವನೆ ಅವುಗಳಲ್ಲಿ ದಟ್ಟವಾಗಿದೆ. ಅಲ್ಲಿಯ ಕಡಲ್ಗಳ್ಳರ ಹೆಸರು 'ಸಿಂಗ್'. ಇದು ನಮ್ಮವರಿಗೆ ನೋವಾಗುವ ಹೆಸರೆಂದೇ ಇರಬೇಕು, ಇಂದ್ರಜಾಲ್ ಅದನ್ನು 'ಸಿಂಗಾ' ಎಂದು ಬದಲಿಸಿತು. ಇಂಥವನ್ನು ಪೋಷಕರು ಜೊತೆಯಲ್ಲಿ ಕುಳಿತು ಓದಿ, ಯಾಕೆ ಹೀಗೆ ಬರೆದರು ಎಂದು ಮಕ್ಕಳನ್ನು ಕೇಳಬೇಕು.

ಭಾಷಾ ಶಿಕ್ಷಕರಾದ ನಮಗೆ ಇನ್ನೊಂದು ಆಸೆಯಿದೆ. ಮನೆಯಲ್ಲಿ ಚೆನ್ನಾಗಿ ಕನ್ನಡ ಮಾತನಾಡುವ ಮಕ್ಕಳೂ ಇಲ್ಲಿ ಒಂದು ಪುಟ ಗದ್ಯ ಕಂಡರೆ ಹೆದರುತ್ತಾರೆ. ಕಾಮಿಕ್ಸ್‌ನಲ್ಲಿ ಒಂದು ಸಲಕ್ಕೆ ನಾಲ್ಕೈದು ಪದ. ಒತ್ತಕ್ಷರ ತಪ್ಪಿದರೂ ಚಿತ್ರ ಕೈಹಿಡಿಯುತ್ತದೆ. ಮುಂದೇನಾಯಿತೆಂಬ ಕುತೂಹಲಕ್ಕೆ ಪುಟ ತಿರುಗಿಸಲೇಬೇಕು. ಕಾಗುಣಿತ ಬರೆಸಿ ಬರೆಸಿ ದಣಿದ ನಮಗೆ ಇದು ಸಣ್ಣ ಲಾಭವೇನಲ್ಲ.

ಕನ್ನಡದ ಹಳೆಯ ಪ್ರತಿಗಳು ಅಂಗಡಿಯಲ್ಲಿ ಸುಲಭವಾಗಿ ಸಿಗವು. ಬೇಸಿಗೆ ರಜೆಗೆ ಊರಿಗೆ ಹೋದಾಗ ಅಜ್ಜನ ಮನೆಯ ಅಟ್ಟ ನೋಡಿ. ಬೆಂಗಳೂರಿಗೆ ಹೋದರೆ ಅವೆನ್ಯೂ ರಸ್ತೆಯ ಹಳೆ ಪುಸ್ತಕದವರನ್ನು ಕೇಳಿ. ಸಿಕ್ಕಿದ್ದನ್ನು ಕನ್ನಡ ತರಗತಿಗೆ ತನ್ನಿ. ಹರಿದಿದ್ದರೂ ಪರವಾಗಿಲ್ಲ, ಅಂಟಿಸಲು ಟೇಪ್ ನಮ್ಮಲ್ಲಿದೆ.