ರೂಪಾಯಿ–ಡಾಲರುಗಳ ಸಮಾನತೆಯೆಂಬ ಕಟ್ಟುಕಥೆ

ಪ್ರತಿವರ್ಷವೂ ಆಗಸ್ಟ್ ತಿಂಗಳು ಬಂದೊಡನೆ ನಮ್ಮ ಸಭಾವೇದಿಕೆಗಳಿಂದ ಒಂದು ಮಾತು ಕೇಳಿಬರುತ್ತದೆ: “೧೯೪೭ನೆಯ ಇಸವಿಯಲ್ಲಿ ನಮ್ಮ ಒಂದು ರೂಪಾಯಿ ಅಮೆರಿಕದ ಒಂದು ಡಾಲರಿಗೆ ಸಮನಾಗಿತ್ತು, ಇಂದು ಒಂದು ಡಾಲರಿಗೆ ಎಂಬತ್ತಕ್ಕೂ ಮಿಕ್ಕಿ ರೂಪಾಯಿಗಳನ್ನು ತೆರಬೇಕಾಗಿದೆ, ನಾವು ಎಷ್ಟು ಇಳಿದುಹೋದೆವು ನೋಡಿರಿ!” ಭಾಷಣಕಾರರು ಇದನ್ನು ಹೇಳುತ್ತಾರೆ, ಸಭಿಕರು ನಿಟ್ಟುಸಿರು ಬಿಡುತ್ತಾರೆ, ಶಾಲೆಯ ಹುಡುಗರು ಬರೆದುಕೊಳ್ಳುತ್ತಾರೆ. ಈ ಮಾತು ಸುಳ್ಳು. ಬರಿಯ ಸುಳ್ಳಾಗಿದ್ದರೆ ಸುಮ್ಮನಿರಬಹುದಾಗಿತ್ತು. ನಮ್ಮ ಹಿರಿಯರು ಹೂಡಿದ ಒಂದು ದೊಡ್ಡ ವಾದವನ್ನೇ ಮರೆಯಿಸುವ ಸುಳ್ಳಾದುದರಿಂದ ಇದನ್ನು ಖಂಡಿಸದೆ ವಿಧಿಯಿಲ್ಲ.

ಮೊದಲು ಲೆಕ್ಕವನ್ನು ನೋಡೋಣ. ೧೯೨೭ರ ಕಾನೂನಿನಿಂದ ರೂಪಾಯಿಗೆ ೧ ಷಿಲಿಂಗು ೬ ಪೆನ್ಸುಗಳೆಂಬ ದರ ನಿಗದಿಯಾಯಿತು. ೧೯೪೭ರಲ್ಲಿಯೂ ಅದೇ ದರ ನಡೆಯುತ್ತಿದ್ದಿತು. ಆಗ ಒಂದು ಪೌಂಡಿಗೆ ೪ ಡಾಲರು ೩ ಸೆಂಟುಗಳು. ಪೌಂಡಿಗೆ ೨೪೦ ಪೆನ್ಸು, ರೂಪಾಯಿಗೆ ೧೮ ಪೆನ್ಸು. ಭಾಗಿಸಿ ನೋಡಿದರೆ ರೂಪಾಯಿಯ ಬೆಲೆ ೩೦ ಸೆಂಟುಗಳಿಗೆ ತುಸು ಮೇಲೆ; ಎಂದರೆ ಡಾಲರಿಗೆ ಸುಮಾರು ೩ ರೂಪಾಯಿ ೫ ಆಣೆ. ಇಷ್ಟು ಗಣಿತಕ್ಕೆ ಪಂಡಿತರು ಬೇಕಾಗಿಲ್ಲ.

ಅದಕ್ಕೂ ಹಿಂದೆ ಎಂದಾದರೂ ಸಮಾನತೆ ಇದ್ದಿತೋ ಎಂದರೆ, ಬೆಳ್ಳಿಯ ತಕ್ಕಡಿಯೂ ಇಲ್ಲವೆನ್ನುತ್ತದೆ. ಹತ್ತೊಂಬತ್ತನೆಯ ಶತಮಾನದ ರೂಪಾಯಿಯಲ್ಲಿದ್ದ ಶುದ್ಧ ಬೆಳ್ಳಿ ೧೬೫ ಗ್ರೇನು. ಅಮೆರಿಕದ ಬೆಳ್ಳಿಯ ಡಾಲರಿನಲ್ಲಿದ್ದುದು ೩೭೧ ಗ್ರೇನಿಗೂ ಹೆಚ್ಚು. ತೂಕದಲ್ಲಿಯೇ ರೂಪಾಯಿ ಡಾಲರಿನ ಅರ್ಧಕ್ಕೆ ಕಡಿಮೆ.

“೧೯೪೭ರಲ್ಲಿ ನಮಗೆ ವಿದೇಶದ ಸಾಲವಿರಲಿಲ್ಲ, ಆದಕಾರಣ ನಾಣ್ಯಗಳು ಸಮನಾಗಿದ್ದುವು” ಎಂಬುದೊಂದು ಸಮರ್ಥನೆಯುಂಟು. ಸಾಲವಿಲ್ಲದಿರುವುದು ಹಾಗಿರಲಿ, ಆಗ ಬ್ರಿಟನ್ನೇ ನಮಗೆ ಸಾಲಗಾರನಾಗಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾವು ಒದಗಿಸಿದ ಸಾಮಗ್ರಿ ಸೇವೆಗಳಿಗಾಗಿ ಅದು ತೀರಿಸಬೇಕಾಗಿದ್ದ ಮೊತ್ತ ನೂರು ಕೋಟಿ ಪೌಂಡುಗಳಿಗೂ ಮಿಕ್ಕಿದ್ದಿತು. ಹಾಗಿದ್ದರೂ ಡಾಲರಿಗೆ ೩ ರೂಪಾಯಿ ೫ ಆಣೆಯೇ. ಸಾಲವಿಲ್ಲದವನ ನಾಣ್ಯ ನೆರೆಯವನ ನಾಣ್ಯಕ್ಕೆ ಸಮನಾಗಬೇಕೆಂಬ ನಿಯಮ ಯಾವ ಅರ್ಥಶಾಸ್ತ್ರದಲ್ಲಿಯೂ ಇಲ್ಲ.

ಇನ್ನು ಮುಖ್ಯ ವಿಷಯ. ರೂಪಾಯಿಯ ಬೆಲೆ ಮೇಲಿದ್ದಷ್ಟೂ ದೇಶಕ್ಕೆ ಮಾನ ಎಂಬುದು ಈ ಕಟ್ಟುಕಥೆಯ ಬೇರು. ನಮ್ಮ ಸ್ವಾತಂತ್ರ್ಯದ ಹೋರಾಟಗಾರರು ಹೇಳಿದ್ದು ಇದಕ್ಕೆ ತೀರ ವಿರುದ್ಧವಾದುದನ್ನು. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ರೂಪಾಯಿಗೆ ೧ ಷಿಲಿಂಗು ೪ ಪೆನ್ಸಿನ ದರವಿದ್ದು, ಹೊರದೇಶಕ್ಕೆ ಹತ್ತಿಯನ್ನೋ ಎಣ್ಣೆಬೀಜವನ್ನೋ ಮಾರಿ ಬಂದ ಒಂದು ಪೌಂಡಿಗೆ ೧೫ ರೂಪಾಯಿ ಸಿಕ್ಕುತ್ತಿದ್ದುವು. ದರವನ್ನು ೬ ಪೆನ್ಸಿಗೆ ಏರಿಸಿದಾಗ ಅದೇ ಪೌಂಡಿಗೆ ದೊರೆತುದು ೧೩ ರೂಪಾಯಿ ೫ ಆಣೆ ೪ ಪೈ. ಪೌಂಡೊಂದಕ್ಕೆ ೧ ರೂಪಾಯಿ ೧೦ ಆಣೆ ೮ ಪೈ ನಷ್ಟ. ಕಂದಾಯವೂ ಸಾಹುಕಾರನ ಬಡ್ಡಿಯೂ ಮಾತ್ರ ಒಂದು ಪೈಯಷ್ಟೂ ಇಳಿಯಲಿಲ್ಲ. ಲಾಭ ಯಾರಿಗೆ? ಲಂಡನ್ನಿಗೆ ವರ್ಷ ವರ್ಷವೂ ಹಣ ಕಟ್ಟಬೇಕಾಗಿದ್ದ ಸರಕಾರಕ್ಕೆ, ಸಂಬಳವನ್ನು ಸ್ವದೇಶಕ್ಕೆ ಕಳುಹಿಸುತ್ತಿದ್ದ ಆಂಗ್ಲ ಅಧಿಕಾರಿಗಳಿಗೆ, ಇಲ್ಲಿ ಬಟ್ಟೆ ಮಾರುತ್ತಿದ್ದ ಲಂಕಾಷೈರಿನ ಗಿರಣಿಗಳಿಗೆ.

ಈ ದರವನ್ನು ಶಿಫಾರಸು ಮಾಡಿದ ಹಿಲ್ಟನ್ ಯಂಗ್ ಆಯೋಗದಲ್ಲಿಯೇ ಪುರುಷೋತ್ತಮದಾಸ ಠಾಕೂರದಾಸರು ೧೯೨೬ರಲ್ಲಿ ಭಿನ್ನಮತವನ್ನು ಬರೆದರು. ೧೯೩೦ರ ಜನವರಿಯಲ್ಲಿ ಗಾಂಧೀಜಿಯವರು ಸರಕಾರದ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ, ಉಪ್ಪಿನ ತೆರಿಗೆಯನ್ನು ತೆಗೆಯಬೇಕೆಂಬುದರ ಜೊತೆಗೆ, ರೂಪಾಯಿಯ ದರವನ್ನು ೧ ಷಿಲಿಂಗು ೪ ಪೆನ್ಸಿಗೆ ಇಳಿಸಬೇಕೆಂಬುದೂ ಒಂದಾಗಿದ್ದಿತು. ಉಪ್ಪಿನ ಬೇಡಿಕೆಯನ್ನು ನಾವು ನೆನೆಯುತ್ತೇವೆ, ನಾಣ್ಯದ ಬೇಡಿಕೆಯನ್ನು ಮರೆತಿದ್ದೇವೆ. ಮರೆತುದಷ್ಟೇ ಅಲ್ಲ, ಅವರು ಅನ್ಯಾಯವೆಂದ ಏರುದರವನ್ನೇ ಇನ್ನೂ ಏರಿಸಿ, ಇಲ್ಲದ ಡಾಲರಿನ ಸಮಾನತೆಯನ್ನು ಅಂಟಿಸಿ, ಅದನ್ನೇ ನಮ್ಮ ಪೂರ್ವವೈಭವವೆಂದು ಕೊಂಡಾಡುತ್ತಿದ್ದೇವೆ. ಇದಕ್ಕಿಂತ ವಿಪರ್ಯಾಸ ಬೇರೆ ಬೇಕೆ?

ಬೆಲೆ ಇಳಿದುದು ನಿಜ. ೧೯೪೯ರ ಸೆಪ್ಟೆಂಬರಿನಲ್ಲಿ ಪೌಂಡಿನೊಡನೆ ರೂಪಾಯಿಯೂ ಇಳಿದು ಡಾಲರಿಗೆ ಸುಮಾರು ೪ ರೂಪಾಯಿ ೧೨ ಆಣೆಯಾಯಿತು. ೧೯೬೬ರ ಜೂನಿನಲ್ಲಿ ೭ ರೂಪಾಯಿ ೫೦ ಪೈಸೆಯಾಯಿತು. ೧೯೯೧ರ ಜುಲೈಯಲ್ಲಿ ಮತ್ತೆ ಎರಡು ಸಲ ಇಳಿಸಲಾಯಿತು. ಇಳಿತದಿಂದ ಕಷ್ಟವಿಲ್ಲವೆಂದು ನಾನು ಹೇಳುವವನಲ್ಲ. ಹೊರಗಿನಿಂದ ತರಿಸುವ ತೈಲ ತುಟ್ಟಿಯಾಗುತ್ತದೆ; ಮಕ್ಕಳನ್ನು ಪರದೇಶದಲ್ಲಿ ಓದಿಸುವ ತಂದೆತಾಯಿಗಳಿಗೆ ಹೊರೆ ಹೆಚ್ಚುತ್ತದೆ. ಆದರೆ ದರದ ಅಂಕಿಯೊಂದರಿಂದಲೇ ದೇಶದ ಏಳುಬೀಳುಗಳನ್ನು ಅಳೆಯಬಾರದು. ೧೯೪೯ರಿಂದ ೧೯೭೧ರ ವರೆಗೆ ಡಾಲರಿಗೆ ೩೬೦ ಯೆನ್ನುಗಳು. ೧೯೫೦ರಲ್ಲಿ ನಮ್ಮ ಒಂದು ರೂಪಾಯಿಗೆ ಜಪಾನಿನ ೭೫ ಯೆನ್ನುಗಳು ಸಮನಾಗಿದ್ದುವು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಯಾರು ಯಾರನ್ನು ಮೀರಿದರೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ.

ಆದುದರಿಂದ ವೇದಿಕೆಯೇರುವ ಮಹನೀಯರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ನಾಣ್ಯದ ದರದ ವಿಷಯವಾಗಿ ಮಾತನಾಡುವುದಾದರೆ ಕೇಳಬೇಕಾದ ಪ್ರಶ್ನೆಗಳನ್ನು ಕೇಳಿರಿ: ಈ ದರದಿಂದ ಬೆಳೆಗಾರನಿಗೆ ಏನು ದಕ್ಕಿತು, ಕೊಳ್ಳುವವನಿಗೆ ಏನು ತಟ್ಟಿತು, ಇಲ್ಲಿಯ ಬೆಲೆಗಳು ಪರದೇಶಕ್ಕಿಂತ ಬೇಗನೆ ಏಕೆ ಏರಿದುವು, ದರವನ್ನು ನಿರ್ಣಯಿಸುವವರು ಯಾರು? ಈ ಕೊನೆಯ ಪ್ರಶ್ನೆಗೆ ೧೯೪೭ಕ್ಕೆ ಮುಂಚೆ ಲಂಡನ್ನು ಎಂಬುದೇ ಉತ್ತರವಾಗಿದ್ದಿತು. ಆ ಉತ್ತರವನ್ನು ಬದಲಾಯಿಸಿದುದೇ ಸ್ವಾತಂತ್ರ್ಯ. ಸ್ವಾತಂತ್ರ್ಯೋತ್ಸವದ ದಿನದಂದೇ ಪರಾಧೀನತೆಯ ನಾಣ್ಯಕ್ಕೆ ಇಲ್ಲದ ಕೀರ್ತಿಯನ್ನು ಕಟ್ಟಿ, ಹುಡುಗರ ತಲೆಯಲ್ಲಿ ತುಂಬುವ ಕೆಲಸವನ್ನು ಇನ್ನಾದರೂ ನಿಲ್ಲಿಸೋಣ.